ಶಾಸನದ ಶಾಂತಲೆಯೂ ಚಿತ್ರದ ಜಕಣನೂ

ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಲ್ಲಿ ಹಗರೆಯೆಂಬ ಊರಿದೆ. ಅಲ್ಲಿ ದಾರಿಯು ಕವಲೊಡೆದು ಒಂದು ಬೇಲೂರಿನ ಕಡೆಗೂ ಮತ್ತೊಂದು ಹಳೇಬೀಡಿನ ಕಡೆಗೂ ಸಾಗುವುದು. ಹೊಯ್ಸಳರ ಗುಡಿಗಳನ್ನು ನೋಡಬಂದವರು ಯಾವುದನ್ನು ಮೊದಲು ನೋಡುವುದೆಂದು ಇಲ್ಲಿ ಅರೆಗಳಿಗೆ ನಿಂತು ಮಾತಾಡಿಕೊಳ್ಳುವುದುಂಟು. ಆ ಮಾತಿನಲ್ಲಿ ಎರಡು ಹೆಸರುಗಳು ಬಾರದಿರುವುದು ಅಪೂರ್ವ: ಒಂದು ಶಾಂತಲೆಯದು, ಇನ್ನೊಂದು ಜಕಣಾಚಾರಿಯದು. ಬೇಲೂರಿನ ಗುಡಿಯನ್ನು ಕಂಡರಿಸಿದವನು ಜಕಣನೊಬ್ಬನೇ. ಅಲ್ಲಿಯ ಮದನಿಕೆಯರಿಗೆ ಮಾದರಿಯಾಗಿ ನಿಂತವಳು ಶಾಂತಲೆ. ಮಗನಿಲ್ಲದ ಕೊರಗಿನಿಂದ ಆಕೆ ಶಿವಗಂಗೆಯ ಬಂಡೆಯ ಮೇಲಿಂದ ಧುಮುಕಿ ಪ್ರಾಣಬಿಟ್ಟಳು. ತಂದೆಯು ಮಗನಿಗೆ ಹೇಳುವುದೂ ಇದನ್ನೇ. ಮಗನು ಶಾಲೆಯಲ್ಲಿ ಗೆಳೆಯರಿಗೆ ಹೇಳುವುದೂ ಇದನ್ನೇ.

ಈ ಮೂರು ಮಾತುಗಳಲ್ಲಿ ಒಂದಕ್ಕಾದರೂ ಬೇಲೂರಿನ ಶಾಸನಗಳಲ್ಲಾಗಲಿ ಶ್ರವಣಬೆಳಗೊಳದ ಶಾಸನಗಳಲ್ಲಾಗಲಿ ಆಧಾರವು ದೊರೆಯದು. ಹಾಗಾದರೆ ಇವು ಜನರ ಮನಸ್ಸಿನಲ್ಲಿ ಇಷ್ಟು ಬಲವಾಗಿ ನೆಲೆಸಿದುದು ಹೇಗೆ? ಬೀಜವು ಐತಿಹ್ಯದ್ದು, ಸಂದೇಹವಿಲ್ಲ. ಆದರೆ ಆ ಬೀಜಕ್ಕೆ ನೀರೆರೆದು, ಅದನ್ನು ಮನೆಮನೆಗೂ ನೆರಳು ಕೊಡುವ ಮರವಾಗಿ ಬೆಳೆಸಿದವು ಕಾದಂಬರಿಯೂ ಚಲಚ್ಚಿತ್ರವೂ. ಆದುದರಿಂದ ಇವೆರಡು ಕಲೆಗಳು ಈ ನಾಡಿನ ಇಬ್ಬರು ವ್ಯಕ್ತಿಗಳನ್ನು ಹೇಗೆ ಚಿತ್ರಿಸಿದವು, ಚಿತ್ರಿಸುವಾಗ ಏನನ್ನು ಕೊಟ್ಟವು, ಏನನ್ನು ಕಳೆದವು ಎಂಬುದನ್ನು ವಿಚಾರಮಾಡುವುದು ಅನುಚಿತವಾಗದು.

ಮೊದಲಿಗೇ ಒಂದು ಮಾತನ್ನು ಒಪ್ಪಿಬಿಡಬೇಕು. ಕವಿಯು ಶಾಸನದ ಗುಮಾಸ್ತನಲ್ಲ. ಆನಂದವರ್ಧನನು ತನ್ನ ಧ್ವನ್ಯಾಲೋಕದಲ್ಲಿ, ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ವಿರೋಧವಾದ ಅಂಶವಿದ್ದರೆ ಅದನ್ನು ಬಿಟ್ಟು, ರಸಕ್ಕೆ ಹೊಂದುವ ಬೇರೆ ಸಂಗತಿಯನ್ನು ಕಲ್ಪಿಸಿಕೊಳ್ಳುವ ಅಧಿಕಾರವು ಕವಿಗೆ ಉಂಟೆಂದು ಸ್ಪಷ್ಟವಾಗಿ ಹೇಳಿರುವನು. ನಡೆದುದನ್ನು ನಡೆದಂತೆ ಒಪ್ಪಿಸುವುದಷ್ಟೇ ಕವಿಯ ಕಾರ್ಯವಲ್ಲ; ಅದು ಇತಿಹಾಸದಿಂದಲೇ ಸಿದ್ಧವಾಗಿರುವುದೆಂಬುದು ಅವನ ಅಭಿಪ್ರಾಯ. ಗ್ರೀಸ್ ದೇಶದ ಅರಿಸ್ಟಾಟಲನೂ ಇತಿಹಾಸಕಾರನು ನಡೆದುದನ್ನು ಹೇಳುವನು, ಕವಿಯು ನಡೆಯಬಹುದಾದುದನ್ನು ಹೇಳುವನು ಎಂದು ಎಣಿಸಿದನು. ಕಾಳಿದಾಸನು ಮಹಾಭಾರತದ ಶಕುಂತಲೋಪಾಖ್ಯಾನಕ್ಕೆ ದುರ್ವಾಸರ ಶಾಪವನ್ನೂ ಉಂಗುರವನ್ನೂ ಸೇರಿಸಿದನೆಂದು ಯಾರೂ ಅವನನ್ನು ಸುಳ್ಳುಗಾರನೆನ್ನಲಿಲ್ಲ. ಹೀಗಿರುವಲ್ಲಿ, ಕಾದಂಬರಿಯು ಶಾಸನವನ್ನು ಮೀರಿತೆಂಬುದೇ ದೋಷವಾಗಲಾರದು.

ಆದರೆ ಅಧಿಕಾರವಿದ್ದಲ್ಲಿ ಹೊಣೆಯೂ ಇರತಕ್ಕದ್ದು. ಕಲ್ಪನೆಯು ಬದಲಾಯಿಸಿದ ಮೇಲೆ ವ್ಯಕ್ತಿಯು ಮೊದಲಿಗಿಂತ ದೊಡ್ಡವನಾದನೇ, ಚಿಕ್ಕವನಾದನೇ? ಶಾಸನವು ಮೌನವಾಗಿರುವೆಡೆಯಲ್ಲಿ ಕಲ್ಪನೆಯು ಮಾತಾಡಿತೇ, ಇಲ್ಲವೆ ಶಾಸನವು ಮಾತಾಡಿದೆಡೆಯಲ್ಲಿ ಅದರ ಬಾಯನ್ನು ಮುಚ್ಚಿತೇ? ಐತಿಹಾಸಿಕ ಪಾತ್ರಗಳ ವಿಮರ್ಶೆಗೆ ಈ ಎರಡು ಪ್ರಶ್ನೆಗಳೇ ಒರೆಗಲ್ಲು. ಈ ಒರೆಗಲ್ಲಿನ ಮೇಲೆ ಶಾಂತಲೆಯನ್ನು ಮೊದಲು ಇಟ್ಟು ನೋಡಬಹುದು.

ಶಾಸನಗಳು ತೋರಿಸುವ ಶಾಂತಲೆ ಎಂಥವಳು? ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವನು, ತಾಯಿ ಮಾಚಿಕಬ್ಬೆ ಜಿನಭಕ್ತೆ, ಆಕೆಯೂ ಜಿನಭಕ್ತೆಯೇ. ಪತಿ ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆಮಾಡಿದಾಗ, ಅದೇ ಪ್ರಾಕಾರದಲ್ಲಿ ಇಂದು ಕಪ್ಪೆಚೆನ್ನಿಗರಾಯನೆಂದು ಕರೆಯುವ ಕೇಶವನನ್ನು ಪ್ರತಿಷ್ಠಿಸಿದವಳು ಈಕೆ. ೧೧೨೩ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿಯನ್ನು ಕಟ್ಟಿಸಿದವಳೂ ಈಕೆಯೇ. ಆ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಅದು ಆಕೆಯ ಬಿರುದಿನಿಂದಲೇ ಬಂದುದು. ಸೊಕ್ಕಿದ ಸವತಿಯರ ಪಾಲಿಗೆ ಆಕೆ ಮದ್ದಾನೆ ಎಂದು ಅದರ ಅರ್ಥ. ಗೀತ ವಾದ್ಯ ನೃತ್ಯಗಳಲ್ಲಿ ಆಕೆಗಿದ್ದ ಪ್ರಾವೀಣ್ಯವನ್ನೂ, ವಿವೇಕದಲ್ಲಿ ಆಕೆ ಬೃಹಸ್ಪತಿಗೆ ಸಮಾನಳೆಂಬುದನ್ನೂ ಶಾಸನವು ಒಂದೇ ಉಸುರಿನಲ್ಲಿ ಹೊಗಳುವುದು. ೧೧೩೧ರಲ್ಲಿ ಆಕೆ ಶಿವಗಂಗೆಯಲ್ಲಿ ಕಾಲವಾದಳು. ಮಗಳ ಮರಣದ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸನ್ಯಸನವ್ರತವನ್ನು ಹಿಡಿದು, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ತ್ಯಜಿಸಿದಳು.

ಇಷ್ಟೇ ವೃತ್ತಾಂತ. ಆದರೆ ಇದರಲ್ಲಿ ಎಂತಹ ವ್ಯಕ್ತಿತ್ವವಿದೆ! ತಂದೆಯ ದೈವವೊಂದು, ತಾಯಿಯ ದೈವವೊಂದು, ಗಂಡನ ಒಲವು ಮತ್ತೊಂದರ ಕಡೆಗೆ. ಆಕೆ ತನ್ನದನ್ನು ಬಿಡದೆ ಗಂಡನ ದೈವಕ್ಕೂ ಗುಡಿಯನ್ನು ಕಟ್ಟಿಸಿದಳು. ಸವತಿಯರ ನಡುವೆ ಬಾಳಿದವಳು. ಆ ಬಾಳು ಸುಖದ್ದೆಂದು ನಟಿಸಲಿಲ್ಲ. ತನ್ನ ಹಿರಿಮೆಯನ್ನು ಬಿರುದಾಗಿ ಕಲ್ಲಿನಲ್ಲಿ ಕೊರೆಯಿಸಿದಳು, ಕೊರೆಯಿಸಿದ್ದೂ ಎಲ್ಲಿ? ವೈರಾಗ್ಯವನ್ನು ಬೋಧಿಸುವ ಬೆಟ್ಟದ ಮೇಲೆ! ಈ ವೈಚಿತ್ರ್ಯವೊಂದೇ ಒಬ್ಬ ಕಾದಂಬರಿಕಾರನಿಗೆ ಸಾಲದೆ?

ಶ್ರೀ ಕೆ. ವಿ. ಅಯ್ಯರ್ ಅವರ 'ಶಾಂತಲಾ' ಕನ್ನಡದ ಓದುಗರ ಮನೆಗಳಲ್ಲಿ ಕೈಯಿಂದ ಕೈಗೆ ಸಾಗಿದ ಕಾದಂಬರಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಹೆಸರಾದವರು. ಅಂಗಸೌಷ್ಠವವನ್ನು ಕಣ್ಣಿನಿಂದಲೂ ಕೈಯಿಂದಲೂ ಬಲ್ಲವರು. ಮೈಕೆಲೇಂಜಲೋ ಎಂಬ ಇಟಲಿಯ ಶಿಲ್ಪಿಯನ್ನು ಕುರಿತು 'ರೂಪದರ್ಶಿ'ಯನ್ನು ಬರೆದವರೂ ಅವರೇ. ಆದುದರಿಂದ ಅವರ ಶಾಂತಲೆಯಲ್ಲಿ ರೂಪವೂ ಲಾಸ್ಯವೂ ತಾನೇ ತಾನಾಗಿ ಮೂಡಿವೆ. ಈ ಕೃತಿಯಲ್ಲಿ ಲಕ್ಷ್ಮಿಯು ಶಾಂತಲೆಯ ಪ್ರಾಣಸಖಿ. ಇಬ್ಬರು ಹೆಣ್ಣುಮಕ್ಕಳ ಸಖ್ಯವೂ, ಆ ಸಖ್ಯಕ್ಕಾಗಿಯೂ ಪತಿಗಾಗಿಯೂ ಶಾಂತಲೆಯು ಮಾಡುವ ತ್ಯಾಗವೂ ಕಥೆಯ ಜೀವಾಳ. ಓದುಗನ ಕಣ್ಣಿನಲ್ಲಿ ನೀರು ಬರುವುದು ಸಹಜ. ಕರುಣರಸದ ನಿರ್ವಾಹದಲ್ಲಿ ಗ್ರಂಥಕರ್ತರು ಸಿದ್ಧಹಸ್ತರು.

ಶ್ರೀ ಸಿ. ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಬೇರೆ ಬಗೆಯ ಕೃತಿ. ೧೯೭೮ರಲ್ಲಿ ಪ್ರಕಟವಾದ ಈ ಕಾದಂಬರಿಗೆ ೧೯೮೩ರಲ್ಲಿ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿಯು ದೊರೆಯಿತು. ನಾಲ್ಕು ಭಾಗಗಳಷ್ಟು ವಿಸ್ತಾರವಾದ ಇದಕ್ಕೆ ಶಾಸನಗಳ ಅಭ್ಯಾಸವೇ ತಳಹದಿ. ಬಾಲ್ಯದಿಂದ ಕೊನೆಯವರೆಗೆ ಆಕೆಯ ಜೀವನವನ್ನು ಅದು ಹಿಂಬಾಲಿಸುವುದು. ಅರಮನೆ, ಪಾಠಶಾಲೆ, ಬಸದಿ, ಗುಡಿ, ದಂಡಿನ ಪಾಳೆಯ, ಮತಗಳ ವಾದ, ಮಂತ್ರಾಲೋಚನೆ, ಇವೆಲ್ಲಕ್ಕೂ ಅಲ್ಲಿ ಎಡೆಯುಂಟು. ಇಲ್ಲಿ ಶಾಂತಲೆಯು ಕೇವಲ ರೂಪವತಿಯಲ್ಲ, ವಿವೇಕವತಿ; ರಾಜ್ಯದ ಭಾರದಲ್ಲಿ ಪಾಲು ಹೊರುವವಳು. ಶಾಸನವು ಬೃಹಸ್ಪತಿಯೊಡನೆ ಆಕೆಯನ್ನು ಹೋಲಿಸಿದುದಕ್ಕೆ ಕನ್ನಡದಲ್ಲಿ ದೊರೆತ ಉತ್ತಮವಾದ ಭಾಷ್ಯವು ಇದೇ ಎನ್ನಬಹುದು.

ಈಗ ಎರಡು ಕೃತಿಗಳನ್ನೂ ಎದುರುಬದುರಾಗಿ ಇಟ್ಟರೆ ಒಂದು ಕುತೂಹಲವು ಕಾಣುವುದು. ಲಕ್ಷ್ಮೀದೇವಿಯು ಒಂದರಲ್ಲಿ ಪ್ರಾಣಸಖಿ. ಮತ್ತೊಂದರಲ್ಲಿ ಎದುರು ಪಕ್ಷಕ್ಕೆ ಸರಿದ ಸವತಿ. ಇತಿಹಾಸದಲ್ಲಿ ಆಕೆ ಮುಂದಿನ ದೊರೆಯಾದ ನರಸಿಂಹನ ತಾಯಿ. ಒಬ್ಬಳೇ ಹೆಣ್ಣು ಎರಡು ಕಡೆ ಎರಡು ಬಗೆಯಾಗಲು ಕಾರಣವೇನು? ಎರಡು ಕೃತಿಗಳಲ್ಲಿಯೂ ಶಾಂತಲೆಗೆ ದೋಷವು ತಗುಲಬಾರದೆಂಬ ಎಚ್ಚರವಿರುವುದೇ ಕಾರಣ. ಸವತಿಗಂಧವಾರಣೆಯೆಂಬ ಬಿರುದಿನಲ್ಲಿ ಸ್ವಲ್ಪ ಬಿಸಿಯಿದೆ. ಆ ಬಿಸಿಯನ್ನು ಏನು ಮಾಡುವುದು? ಒಬ್ಬರು ಸವತಿಯನ್ನೇ ಸಖಿಯನ್ನಾಗಿ ಮಾಡಿ ಬಿಸಿಯನ್ನು ಆರಿಸಿದರು. ಇನ್ನೊಬ್ಬರು ತಪ್ಪನ್ನು ಸವತಿಯ ಪಾಲಿಗೆ ಬಿಟ್ಟು ಶಾಂತಲೆಯನ್ನು ತಣ್ಣಗೆ ಉಳಿಸಿದರು. ಮತ್ಸರವೂ ಹೆಮ್ಮೆಯೂ ಉಳ್ಳ, ಆದರೂ ದೊಡ್ಡವಳಾದ ಶಾಂತಲೆಯು ಎರಡರಲ್ಲಿಯೂ ಪೂರ್ಣವಾಗಿ ಕಾಣಿಸಿಕೊಳ್ಳಲಿಲ್ಲ. ದೋಷವಿಲ್ಲದ ಪಾತ್ರಕ್ಕೆ ಓದುಗನು ಕೈಮುಗಿಯುವನು, ಅದರೊಡನೆ ಬಾಳಲಾರನು.

ಶಿವಗಂಗೆಯ ಕಥೆಯು ಇದಕ್ಕಿಂತಲೂ ಗಹನವಾದುದು. ಆಕೆ ಅಲ್ಲಿ ತೀರಿಕೊಂಡಳೆಂದು ಶಾಸನವು ಹೇಳುವುದು; ಹೇಗೆಂಬುದನ್ನು ಹೇಳದು. ಆ ಮೌನವನ್ನು ಐತಿಹ್ಯವು ಒಂದು ಬಂಡೆಯಿಂದ ತುಂಬಿತು. ಬೆಟ್ಟದ ಮೇಲಿನ ಒಂದು ಕಡಿದಾದ ತಾಣವನ್ನು ಆಕೆಯ ಹೆಸರಿನಿಂದಲೇ ತೋರಿಸುವುದು ಈಗಲೂ ರೂಢಿ. ಪಟ್ಟಕ್ಕೆ ತನ್ನ ಮಗನಿಲ್ಲ, ಸವತಿಯ ಮಗನೇ ದೊರೆಯಾಗುವನೆಂಬ ಕೊರಗಿನಿಂದ ಆಕೆ ಧುಮುಕಿದಳೆಂಬುದು ಜನರ ವಿವರಣೆ. ಈ ವಿವರಣೆಯನ್ನು ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನದೊಡನೆ ಹೋಲಿಸಿ ನೋಡಬೇಕು. ಗಂಗರಾಜನ ಮಗನಾದ ಬೊಪ್ಪನು ೧೧೩೩ರಲ್ಲಿ ಅದನ್ನು ಕಟ್ಟಿಸಿ, ಪ್ರತಿಷ್ಠೆಯ ಪ್ರಸಾದವನ್ನು ದೊರೆಯ ಬಳಿಗೆ ಕಳುಹಿಸಿದನು. ಅದೇ ಸಮಯದಲ್ಲಿ ದೊರೆಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒದಗಿದುದರಿಂದ, ಅವನು ಆ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಶಾಂತಲೆಯು ತೀರಿದುದು ೧೧೩೧ರಲ್ಲಿ. ಯಾವ ಮಗನ ಕಾರಣದಿಂದ ಆಕೆ ಬಂಡೆಯಿಂದ ಧುಮುಕಿದಳೆನ್ನುವರೋ ಆ ಮಗನು ಹುಟ್ಟಿದ ವಾರ್ತೆಯು ಆಕೆ ಸತ್ತು ಎರಡು ವರ್ಷಗಳ ಮೇಲೆ ಬಂದುದು!

ಇದು ಕೇವಲ ಕಾಲಗಣನೆಯ ತಗಾದೆಯಲ್ಲ. ಇದರಲ್ಲಿ ಪಾತ್ರದ ಗೌರವವೇ ಅಡಗಿದೆ. ಗುಡಿಯನ್ನೂ ಬಸದಿಯನ್ನೂ ಕಟ್ಟಿಸಿದವಳು, ಬಿರುದನ್ನು ಕೊರೆಯಿಸಿದವಳು, ಕಲೆಯನ್ನು ಬಲ್ಲವಳು, ಇಂತಹವಳ ಬಾಳಿಗೆ ಅರ್ಥವು ಒದಗಬೇಕಾದರೆ ಮಗನೊಬ್ಬನು ಇರಲೇಬೇಕು. ಇಲ್ಲದಿದ್ದರೆ ಆಕೆ ಸಾಯಲೇಬೇಕು ಎಂಬ ನಂಬಿಕೆಯು ಈ ಕಥೆಯ ಕೆಳಗೆ ಹರಿಯುತ್ತಿದೆ. ಆ ನಂಬಿಕೆಯು ಹನ್ನೆರಡನೆಯ ಶತಮಾನದ ಕಲ್ಲಿನದಲ್ಲ. ಕಥೆಯನ್ನು ಕೇಳುವ ಮನೆಗಳದು. ಮಗಳಂದಿರು ಓದಲೆಂದು ಕೊಡುವ ಪುಸ್ತಕದಲ್ಲಿ ಶಾಂತಲೆಯ ಸಾವು ಆಕೆಯ ಬಾಳಿಗಿಂತ ದೊಡ್ಡದಾಗಿ ಕಂಡರೆ, ಕಳೆದುಕೊಂಡವರು ಯಾರು?

ಶಾಂತಲೆಯು ಗುಡಿಯನ್ನು ಕಟ್ಟಿಸಿದವಳು. ಇನ್ನು, ಗುಡಿಯನ್ನು ಕಟ್ಟಿದವನೆಂದು ಹೆಸರಾದ ಜಕಣನ ವಿಷಯ. ಅವನ ಕಥೆಯು ಈ ಸೀಮೆಯ ಮಕ್ಕಳಿಗೆ ತೊಟ್ಟಿಲಲ್ಲಿಯೇ ಪಾಠ. ಜಕಣನು ಹೆಂಡತಿಯನ್ನು ತೊರೆದು ದೇಶಾಂತರ ಹೋಗಿ, ಬೇಲೂರಿನಲ್ಲಿ ಗುಡಿಯ ಕೆಲಸಕ್ಕೆ ನಿಲ್ಲುವನು. ತಂದೆಯನ್ನು ಹುಡುಕಿಕೊಂಡು ಬಂದ ಮಗ ಡಂಕಣನು, ಗುರುತು ಗೊತ್ತಿಲ್ಲದೆಯೇ, ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದಲ್ಲಿ ದೋಷವಿದೆಯೆನ್ನುವನು. ದೋಷವಿದ್ದರೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣನು ಪಣತೊಡುವನು. ವಿಗ್ರಹಕ್ಕೆ ಗಂಧವನ್ನು ಬಳಿದರೆ ಎಲ್ಲೆಡೆಯೂ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುವುದು. ಅಲ್ಲಿ ಉಳಿಯನ್ನು ತಾಕಿಸಿದರೆ ನೀರು, ಮರಳು, ಒಂದು ಜೀವಂತ ಕಪ್ಪೆ. ಜಕಣನು ಮಾತಿನಂತೆ ಕೈಯನ್ನು ಕಡಿದುಕೊಳ್ಳುವನು. ಮುಂದೆ ದೇವರ ಅಪ್ಪಣೆಯಂತೆ ತನ್ನೂರಾದ ಕ್ರೀಡಾಪುರದಲ್ಲಿ ಗುಡಿಯನ್ನು ಕಟ್ಟಿ ಮತ್ತೆ ಕೈಯನ್ನು ಪಡೆಯುವನು, ಊರು ಕೈದಾಳವಾಗುವುದು.

ಈ ಐತಿಹ್ಯವನ್ನು ೧೯೬೪ರಲ್ಲಿ ಶ್ರೀ ಬಿ. ಎಸ್. ರಂಗಾ ಅವರು 'ಅಮರಶಿಲ್ಪಿ ಜಕಣಾಚಾರಿ'ಯೆಂಬ ಚಲಚ್ಚಿತ್ರವನ್ನಾಗಿ ಮಾಡಿದರು. ಕಲ್ಯಾಣ್‌ಕುಮಾರ್ ಅವರು ಜಕಣನಾಗಿಯೂ ಬಿ. ಸರೋಜಾದೇವಿಯವರು ಅವನ ನರ್ತಕಿ ಪತ್ನಿಯಾಗಿಯೂ ನಟಿಸಿದ ಈ ಚಿತ್ರವು ಕನ್ನಡದಲ್ಲಿ ಪೂರ್ತಿ ವರ್ಣದಲ್ಲಿ ಬಂದ ಮೊದಲನೆಯದು. ಅದೇ ವರ್ಷ ಇದೇ ಕಥೆಯು ಅಕ್ಕಿನೇನಿ ನಾಗೇಶ್ವರರಾವ್ ಅವರ ನಾಯಕತ್ವದಲ್ಲಿ ತೆಲುಗಿನಲ್ಲಿಯೂ ಬಂದಿತು. ರಂಗಾ ಅವರು ಮೂಲತಃ ಛಾಯಾಗ್ರಾಹಕರು. ಶಿಲ್ಪವನ್ನು ಕಾಣಲು ಬೇಕಾದುದು ಬೆಳಕು, ನೆರಳು. ಛಾಯಾಗ್ರಾಹಕನ ಬಂಡವಾಳವೂ ಅದೇ. ಕಪ್ಪುಬಿಳುಪಿಗೆ ಒಗ್ಗಿದ್ದ ಕಣ್ಣಿಗೆ ನರ್ತಕಿಯ ಉಡುಗೆಯೂ ಗುಡಿಯ ಕಲ್ಲೂ ಬಣ್ಣದಲ್ಲಿ ಕಂಡುದು ಆ ಕಾಲದ ಜನರಿಗೆ ಹಬ್ಬವೇ ಆಯಿತು. ಬೇಲೂರನ್ನು ಕಾಣದ ಎಷ್ಟೋ ಹಳ್ಳಿಗಳಿಗೆ ಡೇರೆಯ ಚಿತ್ರಮಂದಿರವು ಬೇಲೂರನ್ನೇ ಹೊತ್ತುತಂದಿತು. ಆ ಉಪಕಾರವನ್ನು ಮರೆಯತಕ್ಕದ್ದಲ್ಲ.

ಆದರೆ ಆ ಗುಡಿಯ ಕಲ್ಲು ಏನು ಹೇಳುವುದು? ಬೇಲೂರಿನಲ್ಲಿ ನಾಲ್ವತ್ತೆರಡು ಮದನಿಕೆಯರುಂಟು. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು. ಅವುಗಳಲ್ಲಿ ಹಲವುಗಳ ಪೀಠದ ಮೇಲೆ ಮಾಡಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ಮಲ್ಲಿಯಣ್ಣ, ನಾಗೋಜ ಮುಂತಾದವರು ಆ ರೂವಾರಿಗಳು. ಕೆಲವರು ಬರಿಯ ಹೆಸರಿಗೆ ತೃಪ್ತರಾಗದೆ, ಎದುರಾಳಿ ರೂವಾರಿಗಳ ಗರ್ವವನ್ನು ಮುರಿದವರೆಂಬ ಬಿರುದುಗಳನ್ನೂ ಕೊರೆದುಕೊಂಡಿರುವರು. ಭರತಖಂಡದ ಶಿಲ್ಪಿಗಳೆಲ್ಲರೂ ಹೆಸರನ್ನು ಹೇಳದೆ ಹೋದವರೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುವುದು. ಹೊಯ್ಸಳರ ಗುಡಿಗಳಲ್ಲಿ ಆ ಮಾತು ಸಲ್ಲದು. ಇಲ್ಲಿ ಕೆಲಸಗಾರನು ದೊರೆಯಷ್ಟೇ ಧೈರ್ಯದಿಂದ ತನ್ನ ಹೆಸರನ್ನು ಬರೆದಿಟ್ಟನು. ಆ ಸಹಿಗಳ ಸಾಲಿನಲ್ಲಿ ಜಕಣನ ಹೆಸರು ಮಾತ್ರ ಇಲ್ಲ. ದಕ್ಷಿಣಾಚಾರ್ಯ, ಎಂದರೆ ದಕ್ಷಿಣ ದೇಶದ ಶಿಲ್ಪಾಚಾರ್ಯ, ಎಂಬ ಪದವೇ ಜನರ ಬಾಯಲ್ಲಿ ಜಕಣಾಚಾರಿಯಾಗಿರಬೇಕೆಂಬುದು ಕೆಲವು ವಿದ್ವಾಂಸರ ಊಹೆ. ಕೈದಾಳದ ಗುಡಿಯಾದರೋ ಬೇಲೂರಿಗಿಂತ ಸುಮಾರು ಮೂವತ್ತು ವರ್ಷ ಈಚಿನದು. ೧೧೫೦ರ ಸುಮಾರಿನಲ್ಲಿ ಬಾಚಿಯೆಂಬ ಸಾಮಂತನು ಕಟ್ಟಿಸಿದುದೆಂದು ಶಾಸನವು ತಿಳಿಸುವುದು.

ಜಕಣನು ಇದ್ದನೇ ಇಲ್ಲವೇ ಎಂಬ ವಾದವನ್ನು ಇತಿಹಾಸಕಾರರಿಗೆ ಬಿಡಬಹುದು. ವಿಮರ್ಶಕನು ಕೇಳತಕ್ಕದ್ದು ಬೇರೆ: ಹಲವರ ಕೈಕೆಲಸವು ಒಬ್ಬನ ಕೈಕೆಲಸವಾದುದು ಏಕೆ? ಇದಕ್ಕೆ ಉತ್ತರವು ಚಲಚ್ಚಿತ್ರದ ಸ್ವಭಾವದಲ್ಲಿಯೇ ಇದೆ. ಎರಡು ಮೂರು ಗಂಟೆಗಳಲ್ಲಿ ಮುಗಿಯಬೇಕಾದ ಕಥೆಗೆ ನಾಯಕನೊಬ್ಬನು ಬೇಕು. ಅವನಿಗೆ ಪ್ರಣಯ ಬೇಕು, ಸಂದೇಹ ಬೇಕು, ವಿರಹ ಬೇಕು, ಕೊನೆಗೆ ಸಮಾಗಮ ಬೇಕು. ಪರದೆಯ ಮೇಲೆ ಜನರು ಅರಸುವುದು ಒಂದು ಮುಖವನ್ನು. ನೂರು ಜನರು ಹಲವು ವರ್ಷಗಳ ಕಾಲ ಕಲ್ಲನ್ನು ಸೀಳಿ, ಹೊತ್ತು, ಜೋಡಿಸಿ, ಕೊರೆದು ಮುಗಿಸಿದ ಕಾರ್ಯಕ್ಕೆ ಮುಖವು ಯಾವುದು? ಕಾದಂಬರಿಯ ಹರಹಿನಲ್ಲಿ ಗುಂಪಿಗೂ ಜೀವ ಬರಬಹುದು. ಚಿತ್ರದಲ್ಲಿ ಗುಂಪು ಹಿನ್ನೆಲೆಯಾಗುವುದು. ಆದುದರಿಂದ ದಾಸೋಜನೂ ಚಾವಣನೂ ಹಿನ್ನೆಲೆಗೆ ಸರಿದು, ಅವರೆಲ್ಲರ ಉಳಿಗಳು ಜಕಣನ ಕೈಗೆ ಬಂದವು.

ಇದರ ಜೊತೆಗೆ ಇನ್ನೊಂದು ಮಾರ್ಪಾಡೂ ನಡೆಯಿತು. ಪ್ರತಿಭೆಯೆಂಬುದು ಒಂಟಿಯಾದುದು, ನೋವಿನಿಂದ ಹುಟ್ಟುವುದು, ಸಂಸಾರವನ್ನು ತೊರೆದವನಿಗೇ ಒಲಿಯುವುದು ಎಂಬ ಭಾವನೆಯು ಯೂರೋಪಿನ ಹತ್ತೊಂಬತ್ತನೆಯ ಶತಮಾನದ ಸಾಹಿತ್ಯದಿಂದ ಈ ನಾಡಿಗೂ ಬಂದು ನೆಲೆಸಿದೆ. ಅದರ ಅಚ್ಚಿನಲ್ಲಿ ಜಕಣನು ಸುಲಭವಾಗಿ ಹೊಂದಿಕೊಂಡನು. ಆದರೆ ರೂವಾರಿಗಳ ಲೋಕವು ಬೇರೆ. ಅಲ್ಲಿ ವಿದ್ಯೆಯು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿಯುವುದು. ಒಂದೂರಿನ ತಂಡವು ಇನ್ನೊಂದೂರಿನ ತಂಡದೊಡನೆ ಹೆಗಲೆಣೆಯಾಗಿ ನಿಲ್ಲುವುದು, ಪೈಪೋಟಿಯನ್ನೂ ಮಾಡುವುದು. ಚೆನ್ನರಾಯಪಟ್ಟಣ ಸೀಮೆಯ ನುಗ್ಗೇಹಳ್ಳಿಯಲ್ಲಿ ೧೨೪೬ರ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳೇ ಇದಕ್ಕೆ ಸಾಕ್ಷಿ. ಉತ್ತರದ ಭಾಗದಲ್ಲಿ ಮಲ್ಲಿತಮ್ಮನ ಕೆಲಸ. ದಕ್ಷಿಣದ ಭಾಗದಲ್ಲಿ ಬೈಚೋಜನ ಕೆಲಸ. ಸುತ್ತಿ ಬರುವ ಸಹೃದಯನಿಗೆ ಎರಡು ಕೈಗಳ ಬೇರೆ ಬೇರೆ ನಡೆಯು ತಿಳಿಯುವುದು. ಅದೇ ಮಲ್ಲಿತಮ್ಮನ ಹೆಸರು ೧೧೯೬ರ ಅಮೃತಾಪುರದಿಂದ ೧೨೬೮ರ ಸೋಮನಾಥಪುರದವರೆಗೆ ಕಾಣುವುದು. ಈ ಜೀವನಗಳಲ್ಲಿ ಕಥೆಯಿಲ್ಲವೆಂದು ಯಾರು ಹೇಳುವರು?

ಹಾಗೆಂದು ಕಪ್ಪೆಯ ಕಥೆಯು ಬರಿಯ ಹುಸಿಯೆಂದು ತಳ್ಳಿಹಾಕುವುದು ಅರಸಿಕತೆ. ಅದರಲ್ಲಿ ಒಂದು ದೊಡ್ಡ ತತ್ತ್ವವು ಹುದುಗಿದೆ. ಹೊರಗೆ ನಿರ್ದೋಷವಾದ ಕೃತಿಯ ಒಳಗೂ ಕರ್ತೃವಿಗೇ ತಿಳಿಯದ ಟೊಳ್ಳು ಇರಬಹುದು. ಅದನ್ನು ಕಾಣಲು ಹೊಸ ಕಣ್ಣು ಬೇಕು. ಕಂಡುದನ್ನು ಹೇಳಲು ಎಳೆಯನ ಧೈರ್ಯ ಬೇಕು. ಒಪ್ಪಿಕೊಳ್ಳಲು ಹಿರಿಯನ ದೊಡ್ಡತನ ಬೇಕು. ವಿಮರ್ಶೆಯ ಧರ್ಮವನ್ನೇ ಹಳ್ಳಿಗರು ಒಂದು ಕಥೆಯಲ್ಲಿ ಹೇಳಿಬಿಟ್ಟರು. ಐತಿಹ್ಯದಲ್ಲಿ ಈ ಸತ್ತ್ವವಿರುವುದರಿಂದಲೇ ಅದು ಬಾಳಿತು. ಚಲಚ್ಚಿತ್ರವು ತಂದೆಮಕ್ಕಳ ಈ ಪರೀಕ್ಷೆಗೆ ಬಂದಾಗ ಗಂಭೀರವಾಗುವುದೂ, ಶೃಂಗಾರ ವಿರಹಗಳ ಕವಲುಗಳಿಗೆ ಹೊರಳಿದಾಗ ಹಗುರವಾಗುವುದೂ ಇದೇ ಕಾರಣದಿಂದ.

ಇಂತಹ ಮಾರ್ಪಾಡು ಶಾಂತಲೆಗೆ, ಜಕಣನಿಗೆ ಮಾತ್ರ ಮೀಸಲಲ್ಲ. ದೇವುಡು ಅವರ ಕಾದಂಬರಿಯನ್ನು ಆಧರಿಸಿ ೧೯೭೫ರಲ್ಲಿ ಬಂದ 'ಮಯೂರ' ಚಿತ್ರವನ್ನು ನೆನೆಯಬಹುದು. ಡಾ. ರಾಜ್‌ಕುಮಾರ್ ಅವರ ಅಭಿನಯದಿಂದ ಕದಂಬರ ಹೆಸರು ಕನ್ನಡಿಗರ ಎದೆಯಲ್ಲಿ ನಿಂತಿತು. ತಾಳಗುಂದದ ಶಾಸನದ ಮಯೂರಶರ್ಮನು ಓದಲೆಂದು ಕಂಚಿಗೆ ಹೋದ ಬ್ರಾಹ್ಮಣ ವಟು. ಪಲ್ಲವರ ಅಶ್ವಾರೋಹಿಯೊಡನೆ ಆದ ಕಲಹದಿಂದ ಕೆರಳಿ, ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದು, ತನ್ನ ಬಲದಿಂದಲೇ ರಾಜ್ಯವನ್ನು ಗಳಿಸಿದವನು. ಚಿತ್ರದಲ್ಲಾದರೋ ಅವನು ಹುಟ್ಟಿನಿಂದಲೇ ರಾಜಕುಮಾರನೆಂಬ ರಹಸ್ಯವು ಹೊರಬೀಳುವುದು. ಕಥೆಗೆ ತಿರುವು ದೊರೆಯಿತು. ಆದರೆ ತನ್ನನ್ನು ತಾನೇ ದೊರೆಯನ್ನಾಗಿ ಮಾಡಿಕೊಂಡವನು, ಕಳೆದುಹೋದ ಆಸ್ತಿಯನ್ನು ಮರಳಿ ಪಡೆದವನಾದನು. ಸಾಧನೆಯ ಸ್ಥಾನದಲ್ಲಿ ಜನ್ಮ, ತಂಡದ ಸ್ಥಾನದಲ್ಲಿ ಒಬ್ಬ, ಅಧಿಕಾರದ ಸ್ಥಾನದಲ್ಲಿ ತ್ಯಾಗ, ಈ ಮೂರು ಬದಲಾವಣೆಗಳನ್ನು ಒಟ್ಟಿಗೆ ನೋಡಿದರೆ, ಕಥೆಗಾರರ ಒಲವು ಎತ್ತ ಕಡೆಗೆಂಬುದು ಸ್ಪಷ್ಟವಾಗುವುದು. ಶಾಸನವು ಅಪರೂಪದ ಸಂಗತಿಯನ್ನು ಹೇಳಿದರೆ, ಕಥೆಯು ಪರಿಚಿತವಾದುದನ್ನೇ ಮತ್ತೆ ಹೇಳಿತು. ಕಲ್ಪನೆಯು ಸತ್ಯಕ್ಕಿಂತ ಸಾಹಸಿಯಾಗಿರಬೇಕಾಗಿತ್ತು. ಇಲ್ಲಿ ಸತ್ಯವೇ ಕಲ್ಪನೆಗಿಂತ ಸಾಹಸಿ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವು ಬರಬಹುದು. ಈ ಕಾದಂಬರಿಗಳೂ ಈ ಚಿತ್ರವೂ ಇಲ್ಲದಿದ್ದರೆ ಎಷ್ಟು ಜನರು ಬೇಲೂರಿಗೆ ಬರುತ್ತಿದ್ದರು? ದಾಸೋಜನ ಹೆಸರನ್ನು ಓದಲು ಗುಡಿಯ ಬಾಗಿಲಿಗೆ ಕರೆತಂದವನು ಜಕಣನೇ ಅಲ್ಲವೆ? ಈ ಆಕ್ಷೇಪವು ನ್ಯಾಯವಾದುದು. ಸರ್ಕಾರವೂ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೆ ಜಕಣಾಚಾರಿಯ ಹೆಸರನ್ನೇ ಇಟ್ಟಿದೆ. ಉಳಿ ಹಿಡಿದು ಬಾಳುವ ಮನೆತನಗಳಿಗೆ ಆ ಹೆಸರು ಕುಲದೈವದಂತೆ. ಅದನ್ನು ಕಸಿದುಕೊಳ್ಳುವುದರಿಂದ ಯಾರಿಗೂ ಲಾಭವಿಲ್ಲ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬರುವವರ ಕುತೂಹಲವೂ ಬೆಳೆದಿದೆ. ಬಾಗಿಲವರೆಗೆ ಕಥೆಯು ಕರೆತರಲಿ. ಒಳಗೆ ಹೋದ ಮೇಲೆ ಕಲ್ಲಿಗೂ ಒಂದು ಮಾತಿಗೆ ಅವಕಾಶವಿರಲಿ. ಕೇಳುವುದು ಇಷ್ಟನ್ನೇ.

ಬೇಕಾದುದು ಕಾದಂಬರಿಗಳನ್ನು ಕಡಮೆಮಾಡುವುದಲ್ಲ. ಇನ್ನೂ ಧೀರವಾದ ಕಾದಂಬರಿಗಳನ್ನು ಬರೆಯುವುದು. ಐತಿಹ್ಯದಲ್ಲಿ ತಂದೆಮಕ್ಕಳು ಅಗಲಿ, ಒಬ್ಬರನ್ನೊಬ್ಬರು ಅರಿಯದೆ, ಕಪ್ಪೆಯೊಂದರ ಎದುರಿನಲ್ಲಿ ಸೇರುವರು. ಶಾಸನದಲ್ಲಿಯೂ ಒಂದು ತಂದೆಮಕ್ಕಳ ಜೋಡಿಯುಂಟು. ದಾಸೋಜನೂ ಚಾವಣನೂ ಬಳ್ಳಿಗಾವೆಯನ್ನು ಬಿಟ್ಟು ಹಲವು ದಿನಗಳ ಪಯಣಮಾಡಿ ಬೇಲೂರಿಗೆ ಬಂದರು, ಒಂದೇ ಗುಡಿಯ ಸೂರಿನ ಕೆಳಗೆ ಇಬ್ಬರೂ ಮದನಿಕೆಯರನ್ನು ಮಾಡಿದರು, ಇಬ್ಬರೂ ಸಹಿಮಾಡಿದರು. ಮಗನು ತನ್ನ ಸಹಿಯಲ್ಲಿ ತಂದೆಯ ಹೆಸರನ್ನು ಬರೆದುಕೊಂಡಾಗ ತಂದೆಗೆ ಹೇಗಾಗಿರಬೇಕು? ಮಗನ ಕೆಲಸವು ತನ್ನದಕ್ಕಿಂತ ಮಿಗಿಲೆಂದು ಜನರು ಮೆಚ್ಚಿದ ದಿನ ದಾಸೋಜನು ಸಂತೋಷಪಟ್ಟನೇ, ಮರೆಗೆ ಹೋಗಿ ನಿಟ್ಟುಸಿರಿಟ್ಟನೇ? ಶಾಸನವು ಅದನ್ನು ಹೇಳದು. ಅಲ್ಲಿಯೇ ಕಾದಂಬರಿಕಾರನ ಕೆಲಸವು ಮೊದಲಾಗುವುದು.

ಹಾಗೆಯೇ ಶಾಂತಲೆಯು ಬೇಲೂರಿನಲ್ಲಿ ಕೇಶವನನ್ನು ಪ್ರತಿಷ್ಠಿಸಿ, ಆರು ವರ್ಷಗಳ ಮೇಲೆ ಬೆಳಗೊಳದಲ್ಲಿ ಶಾಂತಿನಾಥನಿಗೆ ಬಸದಿ ಕಟ್ಟಿಸಿ, ಅದಕ್ಕೆ ಸವತಿಗಂಧವಾರಣವೆಂದು ಹೆಸರಿಡುವಾಗ ಆಕೆಯ ಮನಸ್ಸಿನಲ್ಲಿ ಏನಿದ್ದಿತು? ಆಕೆಯ ಸಾವಿನ ಸುದ್ದಿಯನ್ನು ಕೇಳಿ ಒಂದು ತಿಂಗಳು ಅನ್ನವನ್ನು ಬಿಟ್ಟ ತಾಯಿಯ ಎದೆಯಲ್ಲಿ ಏನಿದ್ದಿತು? ಬಂಡೆಯಿಂದ ಧುಮುಕುವ ರಾಣಿಗಿಂತ, ಮಗಳಿಲ್ಲದ ಬೆಟ್ಟದ ಮೇಲೆ ಕಣ್ಣುಮುಚ್ಚಿ ಕುಳಿತ ಆ ಮುದುಕಿಯ ಚಿತ್ರವು ಕರುಣಕ್ಕೆ ಕಡಮೆಯೇ?

ಹಗರೆಯ ಕವಲಿನಲ್ಲಿ ನಿಂತ ಯಾತ್ರಿಕನು ಬೇಲೂರಿನ ಹಾದಿಯನ್ನೇ ಹಿಡಿಯಲಿ, ಹಳೇಬೀಡಿನ ಹಾದಿಯನ್ನೇ ಹಿಡಿಯಲಿ, ಎರಡು ಕಡೆಯೂ ಅವನಿಗೆ ಒಂದೇ ಕೆಲಸ. ಮಗುವಿಗೆ ಜಕಣನ ಕಥೆಯನ್ನು ಹೇಳಿ ಮುಗಿಸಿದ ಮೇಲೆ, ಮದನಿಕೆಯ ಪಾದದ ಬಳಿ ಬಗ್ಗಿ, ಸವೆದ ಹಳಗನ್ನಡದ ಅಕ್ಷರಗಳನ್ನು ಬೆರಳಿನಿಂದ ತೋರಿಸಿ, ಈ ಬೊಂಬೆಯನ್ನು ಮಾಡಿದವರು ಇವರು ಎಂದು ಒಂದು ಹೆಸರನ್ನು ಓದಿಹೇಳಲಿ. ಕಥೆಗೆ ಅದರಿಂದ ಕುಂದಾಗದು. ಕಲ್ಲಿಗೆ ಸಲ್ಲಬೇಕಾದುದು ಸಲ್ಲುವುದು.